ಕಾಳನಕುಂಟೆಗೆ ಎಂಟನೇ ಕ್ಲಾಸು

ಅನುಸೂಯಮ್ಮ ಸರ್ಕಾರಿ ಜೀಪಿನಲ್ಲಿ ಕೂತು ಊರಿಗೆ ಬಂದದ್ದು ಅದೇ ಮೊದಲು. ಆ ಜಂಬ ಶಾಲೆಯ ಗೇಟಿನವರೆಗೂ ಉಳಿಯಲಿಲ್ಲ ಎನ್ನುವುದು ಬೇರೆ ಮಾತು. ಮುಂದಿನ ಸೀಟಿನಲ್ಲಿ ವಿದ್ಯಾ ಇಲಾಖೆಯ ಸಾಹೇಬರು ಚನ್ನವೀರಪ್ಪ. ಹಿಂದೆ ಈಯಮ್ಮ, ತೊಡೆಯ ಮೇಲೆ ಸುಗಂಧರಾಜದ ಹಾರ, ಸೆರಗಿನ ಗಂಟಿನಲ್ಲಿ ನಿಂಬೆಹಣ್ಣು. ಬೆಳಗಿನ ಮೊದಲ ಬಸ್ಸಿಗೇ ಜಿಗಣಿಗೆ ಹೋಗಿ ಹಾರ ಕಟ್ಟಿಸಿಕೊಂಡು, ಆನೇಕಲ್ ಕಡೆಯಿಂದ ಬರುವ ಜೀಪಿಗಾಗಿ ಕೂಡುರಸ್ತೆಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ಸಾಹೇಬರು ದಾರಿ ತಪ್ಪುತ್ತಾರೆಂಬ ಭಯ ಅವಳಿಗಿರಲಿಲ್ಲ. ಪಕ್ಕದ ಬಿದರಕಟ್ಟೆಯವರು ನಡುದಾರಿಯಲ್ಲೇ ಅಡ್ಡಹಾಕಿ ತಮ್ಮೂರಿಗೆ ಎಳೆದುಕೊಂಡು ಹೋದಾರು ಎಂಬ ಭಯ. ಅಂಥ ಜನ ಅವರು. ಅವಕಾಶ ಸಿಕ್ಕಿದ್ದರೆ ಇವಳೂ ಅದನ್ನೇ ಮಾಡುತ್ತಿದ್ದಳು.

ಸಂಗತಿ ಇಷ್ಟೇ. ಕಾಳನಕುಂಟೆಯಲ್ಲೂ ಬಿದರಕಟ್ಟೆಯಲ್ಲೂ ಏಳನೇ ಕ್ಲಾಸಿನವರೆಗೆ ಶಾಲೆ ಇತ್ತು. ತೊಂಬತ್ತೈದನೇ ಇಸವಿ ಜೂನಿನಿಂದ ಆ ಭಾಗಕ್ಕೊಂದು ಸರ್ಕಾರಿ ಹೈಸ್ಕೂಲು ಕೊಡುವುದೆಂದು ಆಗಿತ್ತು. ಒಂದೇ ಒಂದು. ಯಾವ ಊರಿಗೆ ಎಂಬುದನ್ನು ಸಾಹೇಬರು ಜನವರಿಯಲ್ಲಿ ಎರಡೂ ಶಾಲೆ ನೋಡಿ, ಮಕ್ಕಳನ್ನು ನೋಡಿ, ಮೇಲಕ್ಕೆ ಬರೆಯಬೇಕು. ಬೆಳಿಗ್ಗೆ ಕಾಳನಕುಂಟೆ, ಅಲ್ಲಿಂದ ಬಿದರಕಟ್ಟೆ.

ಅನುಸೂಯಮ್ಮ ಪಂಚಾಯ್ತಿ ಮೆಂಬರು. ಹೆಂಗಸರಿಗೆ ಮೀಸಲಾದ ಸೀಟಿನಲ್ಲಿ ಅವಳು ಗೆದ್ದಾಗ, ಕುರ್ಚಿಯಲ್ಲಿ ಕೂರುವವನು ಗಂಡ ನಲ್ಲಪ್ಪ, ಇವಳು ರುಜು ಹಾಕಿದರೆ ಸಾಕು ಎಂದು ಇಡೀ ಊರು ತಿಳಿದಿತ್ತು. ನಲ್ಲಪ್ಪನೂ ಹಾಗೇ ತಿಳಿದು ಮೊದಲನೇ ಮೀಟಿಂಗಿಗೆ ಇಸ್ತ್ರಿ ಶರಟು ಹಾಕಿಕೊಂಡು ಬಂದಿದ್ದ. "ಗೆದ್ದೋಳು ನಾನು. ನೀನ್ ಮನೆಗೋಗಿ ಹಸ ಬಿಚ್ಚಿ ಕಟ್ಟು," ಎಂದು ಎಲ್ಲರೆದುರಿಗೇ ಕಳಿಸಿಬಿಟ್ಟಳು. ಅವತ್ತಿನಿಂದ ಅವಳು ಊರಿಗೆಲ್ಲ ಮೆಂಬರಮ್ಮ. ಯಾರಿಗೂ ಸೊಪ್ಪು ಹಾಕುವವಳಲ್ಲ.

ಆದರೆ ಒಂದು ವಿಷಯದಲ್ಲಿ ಮಾತ್ರ ಅವಳ ಬಾಯಿ ಕಟ್ಟಿಹೋಗಿತ್ತು. ಮಗಳು ವೇಣಿ ಏಳನೇ ಕ್ಲಾಸಿನಲ್ಲಿದ್ದಳು. ಏಳು ಮುಗಿದ ಮೇಲೆ ಓದಬೇಕಾದರೆ ಆನೇಕಲ್ಲಿಗೆ ಹೋಗಬೇಕು. ಬೆಳಗಿನ ಬಸ್ಸು ಎಂದರೆ ಫ್ಯಾಕ್ಟರಿ ಬಸ್ಸು, ಬಾಗಿಲಿನಲ್ಲಿ ಜನ ಜೋತಾಡಿಕೊಂಡು ಬರುತ್ತಿದ್ದರು. "ಆ ಬಸ್ಸಲ್ಲಿ ನನ್ನ ಮಗಳು ಹತ್ತಕೂಡ್ದು. ಊರಲ್ಲಿ ಹೈಸ್ಕೂಲ್ ಬಂದ್ರೆ ಓದ್ಲಿ, ಇಲ್ದಿದ್ರೆ ಮನೇಲಿರ್ಲಿ," ಎಂದು ನಲ್ಲಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ಮನೆಯಲ್ಲಿದ್ದರೆ ಮುಂದೇನು ಎಂಬುದೂ ತೀರ್ಮಾನವಾಗಿತ್ತು. ಅನುಸೂಯಮ್ಮನ ಸ್ವಂತ ತಮ್ಮ ಬಾಲಾಜಿ ಸಿಂಗಸಂದ್ರದಲ್ಲಿ ಟೆಂಪೋ ಓಡಿಸಿಕೊಂಡಿದ್ದ, ತಾಯಿಯೂ ಅವನ ಜೊತೆಗೇ ಇದ್ದಳು. ಸೋದರಮಾವನಿಗೆ ಹೆಣ್ಣು ಎಂದು ತಾಯಿ ಪ್ರತಿ ಹಬ್ಬಕ್ಕೂ ಬಂದು ವೇಣಿಯ ಗಲ್ಲ ಸವರಿ ಹೋಗುತ್ತಿದ್ದಳು. ಗಂಡನ ಕಡೆಯವರಾಗಿದ್ದರೆ ಅನುಸೂಯಮ್ಮ ಉಗಿದು ಕಳಿಸುತ್ತಿದ್ದಳು. ತವರಿನವರಿಗೆ ಬೇಡ ಎನ್ನಲು ನಾಲಿಗೆ ಬರದೆ "ನೋಡಾನ ಬಿಡವ್ವ" ಎಂದಷ್ಟೇ ಹೇಳುತ್ತಾ ಬಂದಿದ್ದಳು. ಹೈಸ್ಕೂಲೊಂದು ಬಂದುಬಿಟ್ಟರೆ ಯಾರಿಗೂ ಬೇಡ ಎನ್ನುವ ಗೊಡವೆಯೇ ಇಲ್ಲ ಎಂಬುದು ಅವಳ ಲೆಕ್ಕಾಚಾರ.

ಜೀಪು ಶಾಲೆಯ ಮುಂದೆ ನಿಂತಿತು. ಅಂಗಳದಲ್ಲಿ ರಂಗೋಲಿ ಇತ್ತು, ಬಾಗಿಲಿಗೆ ಮಾವಿನೆಲೆ ಇತ್ತು, ಗೋಡೆಗೆ ಹೊಸ ಸುಣ್ಣ ಇತ್ತು. ಮಕ್ಕಳಿರಲಿಲ್ಲ. ಒಂದು ನರಪಿಳ್ಳೆಯೂ ಇರಲಿಲ್ಲ. ಹೊಂಗೆ ಮರದ ಕೆಳಗೆ ಒಂದು ಮೇಕೆ ಮಾತ್ರ ನಿಂತುಕೊಂಡು ಸಾಹೇಬರನ್ನು ನೋಡುತ್ತಿತ್ತು.

"ಏನಮ್ಮ, ಇವತ್ತು ರಜಾನಾ?" ಎಂದರು ಚನ್ನವೀರಪ್ಪ.

ಅನುಸೂಯಮ್ಮನಿಗೆ ಹಾರವನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಅಷ್ಟರಲ್ಲಿ ರಸ್ತೆಯ ಆ ತುದಿಯಿಂದ ಹೆಡ್‌ಮಾಸ್ಟರು ಇರಣ್ಣ, ಅವರ ಹಿಂದೆ ಹೇಮಲತಾ ಮಿಸ್ಸು, ಇಬ್ಬರೂ ಏದುಸಿರು ಬಿಡುತ್ತ ಓಡಿಬಂದರು. ಇರಣ್ಣ ಗದಗದ ಕಡೆಯವರು, ಬೆಂಗಳೂರಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಹೇಮಲತಾಳೂ ಅದೇ ಬಸ್ಸು.

"ಸಾಹೇಬ್ರ, ತಂತಿ ಫ್ಯಾಕ್ಟರಿಗೆ ಕೀಲಿ ಹಾಕ್ಯಾರ್ರೀ! ಬೆಂಗಳೂರು ರಸ್ತೆ ತುಂಬ ಮಂದಿ ಕುಂತಾರ. ಬಸ್ಸು ಬಿಡವಲ್ರು, ಅಲ್ಲಿಂದ ನಾವು ನಡ್ಕೋತ ಬಂದ್ವಿ," ಎಂದರು ಇರಣ್ಣ.

"ಫ್ಯಾಕ್ಟರಿಗೆ ಬೀಗ ಹಾಕಿದ್ರೆ ಶಾಲೆ ಯಾಕ್ರೀ ಖಾಲಿ?"

ಸಾಹೇಬರಿಗೆ ಅರ್ಥವಾಗಲಿಲ್ಲ, ಪಾಪ. ಅನುಸೂಯಮ್ಮನಿಗೆ ಅರ್ಥವಾಯಿತು.

ಕಾಳನಕುಂಟೆಯ ಶಾಲೆಗೆ ಗಂಟೆ ಎಂದರೆ ಹೊಂಗೆ ಮರಕ್ಕೆ ತೂಗುಹಾಕಿದ್ದ ರೈಲುಕಂಬಿಯ ತುಂಡು. ಅದನ್ನು ಯಾವನೋ ಪುಣ್ಯಾತ್ಮ ಗುಜರಿಗೆ ಹಾಕಿ ಎರಡು ವರ್ಷವಾಗಿತ್ತು. ಹೊಸದನ್ನು ತರಬೇಕೆಂದು ಯಾರಿಗೂ ಅನ್ನಿಸಲಿಲ್ಲ, ಏಕೆಂದರೆ ಊರಾಚೆಯ ತಂತಿ ಫ್ಯಾಕ್ಟರಿಯಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಸೈರನ್ ಕೂಗುತ್ತಿತ್ತು. ಮಕ್ಕಳು ಪಾಟೀಚೀಲ ಎತ್ತುತ್ತಿದ್ದುದು ಅದಕ್ಕೆ, ಹೆಂಗಸರು ಹೊಲಕ್ಕೆ ಬುತ್ತಿ ಕಟ್ಟುತ್ತಿದ್ದುದು ಅದಕ್ಕೆ. ಗಡಿಯಾರ ಇದ್ದವರೂ ಸೈರನ್ ಕೇಳಿ ಮುಳ್ಳು ತಿರುಗಿಸಿಕೊಳ್ಳುತ್ತಿದ್ದರು. ಆ ಸೈರನ್ನಿನ ಗುಂಡಿ ಒತ್ತುತ್ತಿದ್ದವನು ಗೇಟಿನ ಕಾವಲುಗಾರ ನಲ್ಲಪ್ಪನೇ. ನಲ್ಲಪ್ಪನ ಹೆಬ್ಬೆಟ್ಟು ಎದ್ದರೆ ಊರು ಏಳುತ್ತದೆ ಎಂದು ಜನ ಆಡಿಕೊಂಡು ನಗುತ್ತಿದ್ದರು.

ಸಾಲದ್ದಕ್ಕೆ ಇರಣ್ಣ ಮೇಷ್ಟ್ರು ಹಿಂದಿನ ದಿನ ಶಾಲೆ ತೊಳೆಸಿ, ಸಾರಿಸಿ, ರಂಗೋಲಿ ಬಿಡಿಸಿ, "ಸೈರನ್ ಆಗೋ ಮುಂಚೆ ಯಾರರ ಒಳಗ ಕಾಲಿಟ್ರ ಚರ್ಮ ಸುಲೀತೀನಿ" ಎಂದು ಕೂಗಿ ಹೇಳಿ ಹೋಗಿದ್ದರು. ಅವತ್ತು ಬೆಳಿಗ್ಗೆ ಮಂಜು ಬೇರೆ ಮುಸುಕಿತ್ತು, ಹೊತ್ತು ಏರಿದ್ದೇ ಕಾಣುತ್ತಿರಲಿಲ್ಲ. ಮೇಷ್ಟ್ರ ಮಾತನ್ನು ಯಾವತ್ತೂ ಕೇಳದ ಮಕ್ಕಳು ಆ ಒಂದು ದಿನ ಮಾತ್ರ ಚಾಚೂ ತಪ್ಪದೆ ಕೇಳಿದ್ದವು. ಎಣ್ಣೆ ಹಚ್ಚಿದ ತಲೆ ಬಾಚಿಸಿಕೊಂಡು, ಮನೆಮನೆಯಲ್ಲೂ ಸೈರನ್ನಿಗಾಗಿ ಕೂತಿದ್ದವು.

ಇವನು ಬೇಕಂತಲೇ ಹೀಗೆ ಮಾಡಿದನೇ ಎಂಬ ಯೋಚನೆ ಅನುಸೂಯಮ್ಮನ ತಲೆಯೊಳಗೆ ಹಾದುಹೋಯಿತು. ಹೈಸ್ಕೂಲು ಬಾರದಿದ್ದರೆ ನಲ್ಲಪ್ಪನಿಗೇನೂ ನಷ್ಟವಿರಲಿಲ್ಲ. ಮನೆಗೆ ಬರಲಿ, ಮಾಡುತ್ತೇನೆ ಅವನಿಗೆ ಎಂದುಕೊಂಡಳು.

ಚನ್ನವೀರಪ್ಪನವರು ವಾಚು ನೋಡಿಕೊಂಡರು. "ನಾನು ಬಿದರಕಟ್ಟೆ ಮುಗಿಸಿಕೊಂಡು ಬರ್ತೀನಿ. ಆಗಲೂ ಮಕ್ಕಳಿಲ್ಲ ಅಂದ್ರೆ ಇಲ್ಲ ಅಂತಲೇ ಬರೀತೀನಿ."

ಬಿದರಕಟ್ಟೆಗೆ ಹೋದರೆ ಮುಗಿಯಿತು. ಅಲ್ಲಿ ಕೋಳಿ ಸಾರು ಕುದಿಯುತ್ತಿದೆ ಎಂಬ ಸುದ್ದಿ ಅವಳಿಗೆ ಬಂದಿತ್ತು. ಸಾಹೇಬರು ಲಿಂಗಾಯತರು, ಕೋಳಿ ಮುಟ್ಟುವವರಲ್ಲ ಎಂಬುದು ಆ ಗಡಿಬಿಡಿಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ. ಅವಳು ಹೇಮಲತಾಳ ಕಿವಿಯಲ್ಲಿ, "ಮಿಸ್, ಓಡಿ. ಮನೆಮನೆಗೂ ಓಗಿ ಎಳ್ಕೊಂಬನ್ನಿ. ಏಳ್ನೇ ಕ್ಲಾಸು ತುಂಬಿರ್ಬೇಕು, ಜಡೆ ಇರೋರ್ನೆಲ್ಲ ತಂದು ಕೂರ್ಸಿ," ಎಂದು ಉಸುರಿ, ಸಾಹೇಬರ ಕೊರಳಿಗೆ ಹಾರ ಹಾಕಿಯೇ ಬಿಟ್ಟಳು. ಹಾರ ಬಿದ್ದ ಮೇಲೆ ಯಾವ ಅಧಿಕಾರಿಯೂ ತಕ್ಷಣ ಜೀಪು ಹತ್ತುವುದಿಲ್ಲ.

"ಸಾರ್, ಮಕ್ಳು ಬತ್ತವೆ. ಅಷ್ಟರಾಗೆ ಸ್ಕೂಲ್ ನೋಡಿ. ನಮ್ಮೂರಾಗೆ ಒಂದು ಪದ್ಧತಿ ಅದೆ, ಮೇಲಿನ ಬೀದಿ ಬಾಗ್ಲಲ್ಲಿ ಒಳಕ್ಕೋದೋರು ಕೆಳಗಿನ ಬೀದಿ ಬಾಗ್ಲಲ್ಲಿ ಆಚೆಗೆ ಬರ್ಬೇಕು."

"ಅದ್ಯಾಕೆ?"

"ಅದೊಂದು ದೊಡ್ಡ ಕತೆ ಸಾರ್," ಎಂದಳು ಅನುಸೂಯಮ್ಮ, ಬಡಪೆಟ್ಟಿಗೆ ಬಿಡುವವಳಲ್ಲ. ಪಕ್ಕದ ಭಜನೆಮನೆಯ ಜಗಲಿಗೆ ಕರೆದುಕೊಂಡು ಹೋಗಿ ಕೂರಿಸಿದಳು. "ಇಲ್ಲೇ ಸಾರ್ ಶುರುವಾಗಿದ್ದು. ನಮ್ಮ ಮಾವನೋರ ಅಪ್ಪನ ಕಾಲ್ದಾಗೆ ಇದೇ ಜಗಲಿ ಮ್ಯಾಗೆ ಕೂಲಿಮಠ. ಅಯ್ನೋರೊಬ್ರು ಬಂದು ಕಲಿಸೋರು, ಸುಗ್ಗೀಲಿ ಮನೆಗಿಷ್ಟು ರಾಗಿ. ಮರಳ ಮ್ಯಾಗೆ ಬೆರಳಲ್ಲಿ ಅ ಆ ಇ ಈ. ತಪ್ಪಿದ್ರೆ ತೊಲೆಗೆ ತಲೆಕೆಳಗಾಗಿ ಕಟ್ತಿದ್ರಂತೆ."

"ಹೆಣ್ಣುಮಕ್ಕಳು?"

"ಹೆಣ್ಣೈಕ್ಳು ಜಗಲಿ ಸಾರ್ಸೋಕೆ ಬರೋರು ಸಾರ್." ಅವಳು ಇದನ್ನು ನಗೆಚಾಟಿಕೆಗೆಂದೇ ಹೇಳಿದಳು. ಸಾಹೇಬರು ನಗಲಿಲ್ಲ. "ಕಾಲೋನಿ ಮಕ್ಳು ಆ ಹೊಂಗೆ ಮರದತ್ರ ನಿಂತ್ಕೊಂಡು ಕೇಳಿಸ್ಕೊಳ್ಳೋವು. ದ್ಯಾಮಣ್ಣ ಅಂತ ಒಬ್ನು ಅಂಗೆ ನಿಂತೇ ಓದು ಕಲ್ತು ಪೋಸ್ಟ್‌ಮನ್ ಆದ. ಆಮ್ಯಾಕೆ ಊರೋರ ಕಾಗದನೆಲ್ಲ ಅವ್ನೇ ಓದಿ ಏಳ್ಬೇಕಾಗಿತ್ತು, ಒಳಗ್ ಕೂತಿದ್ದೋರಿಗೆ ಒಂದಕ್ಷರಾನೂ ಬರ್ತಿರ್ಲಿಲ್ಲ."

ಈಗ ನಕ್ಕರು. ಅನುಸೂಯಮ್ಮನಿಗೆ ಹೋದ ಉಸಿರು ಬಂತು. ಓರೆಗಣ್ಣಿನಲ್ಲಿ ನೋಡಿದರೆ, ಬೀದಿಯಲ್ಲಿ ಹೇಮಲತಾ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಯಿಂದ ಮನೆಗೆ ಓಡುತ್ತಿದ್ದಳು. ಮೊದಲನೇ ತಂಡ, ಚಿಕ್ಕ ಮಕ್ಕಳು, ಬರತೊಡಗಿದ್ದವು.

ಪುರಾಣ ಮುಂದುವರಿಯಿತು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಒಬ್ಬ ಮೇಷ್ಟ್ರನ್ನು ಕೊಟ್ಟಿತು, ಕಟ್ಟಡ ನೀವೇ ಕಟ್ಟಿಕೊಳ್ಳಿ ಎಂದಿತು. ಊರವರು ಮುಯ್ಯಾಳು ಪದ್ಧತಿಯಲ್ಲಿ, ಹೊಲದಲ್ಲಿ ಒಬ್ಬರಿಗೊಬ್ಬರು ಮೈಗೆಲಸ ಕೊಡುವಂತೆಯೇ, ಸರದಿ ಹಾಕಿಕೊಂಡು ಮಣ್ಣು ತುಳಿದು ಗೋಡೆ ಎಬ್ಬಿಸಿದರು. ಗೋಡೆ ಆಳೆತ್ತರ ಬಂದಾಗ ಬಾಗಿಲಿನ ಮಾತು ಬಂತು. ಮೇಲಿನ ಬೀದಿಯ ಚಿಕ್ಕಬೈರಪ್ಪ ತಮ್ಮ ಬೀದಿಗೆ ಬಾಗಿಲಿರಲಿ ಎಂದ. ಕೆಳಗಿನ ಬೀದಿಯ ಮುನಿಯಣ್ಣ ನಮ್ಮ ಬೀದಿಗೆ ಬೆನ್ನು ಮಾಡಿದ ಶಾಲೆಗೆ ನಮ್ಮ ಮಕ್ಕಳು ಬರುವುದಿಲ್ಲ ಎಂದ. ಹಠಕ್ಕೆ ಬಿದ್ದು ಒಂದು ಮಳೆಗಾಲ ಗೋಡೆ ಹಾಗೇ ನಿಂತು ಅರ್ಧ ಕರಗಿತು. ಕೊನೆಗೆ ಮೇಷ್ಟ್ರು ಎರಡು ಬಾಗಿಲು ಇಡಿ ಮಾರಾಯರೇ ಎಂದರು. ಇಟ್ಟರು. ಅಂದಿನಿಂದ ಊರಿಗೆ ಬಂದ ಯಾವ ದೊಡ್ಡವರೂ ಒಂದು ಬಾಗಿಲಲ್ಲಿ ಬಂದು ಇನ್ನೊಂದರಲ್ಲಿ ಹೋಗಬೇಕು.

"ನಾನು ಕೆಳಗಿನ ಬೀದೀಲಿ ಉಟ್ಟಿ ಮೇಲಿನ ಬೀದಿಗೆ ಸೊಸೆಯಾದೋಳು ಸಾರ್. ನಂಗೆ ಎರಡು ಬಾಗ್ಲೂ ಒಂದೇ. ಇದೇ ಸ್ಕೂಲಲ್ಲಿ ಏಳ್ನೇ ಕ್ಲಾಸು ಪಾಸು ಮಾಡಿದ ಮೊದಲ್ನೇ ಹೆಣ್ಣೈಕ್ಳಲ್ಲಿ ನಾನೂ ಒಬ್ಳು."

"ಆಮೇಲೆ?"

"ಆಮ್ಯಾಕೆ ಕಾಲೇಜ್ ಬಂತು ಸಾರ್, ಆನೇಕಲ್ಗೆ. ಗಂಡುಡುಗ್ರು ಸೈಕಲಲ್ಲಿ ಓದ್ರು. ಆಮ್ಯಾಕೆ ಫ್ಯಾಕ್ಟರಿಗಳು ಬಂದ್ವು, ಎಲೆಕ್ಟ್ರಾನಿಕ್ ಸಿಟಿ ಬಂತು, ಜಮೀನು ಓಯ್ತು..."

"ಅದಲ್ಲಮ್ಮ. ನಿಮ್ಮದು. ಏಳಾದ ಮೇಲೆ?"

"ಆಮ್ಯಾಕೆ ಮದ್ವೆ ಸಾರ್," ಎಂದು ಎದ್ದು ನಿಂತಳು. "ಮಕ್ಳು ಬಂದ್ವು, ಬನ್ನಿ."

ಮಕ್ಕಳು ಬಂದೇನೋ ಬಂದಿದ್ದವು. ಇಡೀ ಶಾಲೆ ಗಿಜಿಗುಡುತ್ತಿತ್ತು. ಹಿಂದೆಯೇ ತಾಯಂದಿರು, ಚಿಕ್ಕಮ್ಮಂದಿರು ಕೆಳಗಿನ ಬಾಗಿಲಲ್ಲಿ ಗುಂಪುಗಟ್ಟಿದ್ದರು. ಕಿಟಕಿಯ ಆಚೆ ಒಂದಿಷ್ಟು ಹುಡುಗರು, ಫ್ಯಾಕ್ಟರಿಗೆ ಬೀಗ ಬಿದ್ದು ಕೆಲಸವಿಲ್ಲದವರು, ತಮಾಷೆ ನೋಡಲು ನಿಂತಿದ್ದರು. ಆದರೆ ಎರಡೂ ಬೀದಿಯ ಬಾಗಿಲಿದ್ದ ಏಳನೇ ಕ್ಲಾಸಿನ ಕೋಣೆಗೆ ಕಾಲಿಡುತ್ತಲೇ ತಾನು ಹೇಳಿದ ಮಾತು ಏನಾಗಿದೆ ಎಂಬುದು ಅನುಸೂಯಮ್ಮನ ಕಣ್ಣಿಗೆ ಬಿತ್ತು. ನಿಜವಾದ ಏಳನೇ ಕ್ಲಾಸಿನವರಲ್ಲಿ ಅರ್ಧಕ್ಕರ್ಧ ಹುಡುಗಿಯರು ಸೈರನ್ ಆಗುವುದರೊಳಗೆ ರೇಷ್ಮೆಹುಳಕ್ಕೆ ಸೊಪ್ಪು ಕಿತ್ತು ಬರೋಣವೆಂದು ತೋಟಕ್ಕೆ ಹೋಗಿಬಿಟ್ಟಿದ್ದರು. ಅವರ ಜಾಗದಲ್ಲಿ ಹೇಮಲತಾ ಮೆಂಬರಮ್ಮ ಹೇಳಿದಂತೆಯೇ ಜಡೆ ಇದ್ದವರನ್ನೆಲ್ಲ ತಂದು ಕೂರಿಸಿದ್ದಳು. ಹಿಂದಿನ ಸಾಲುಗಳಲ್ಲಿ ದಾವಣಿ ಹೊದ್ದು ತಲೆ ತಗ್ಗಿಸಿ ಕೂತಿದ್ದವರು ಅಗರಬತ್ತಿ ಹೊಸೆಯುವ ಹುಡುಗಿಯರು, ಜಿಗಣಿಯ ಗಾರ್ಮೆಂಟ್ಸಿಗೆ ಹೋಗುವವರು. ಒಬ್ಬಳ ಕೂಸು ಬಾಗಿಲಲ್ಲಿ ಅಜ್ಜಿಯ ಸೊಂಟದ ಮೇಲೆ ಕೂತು "ಅಮ್ಮಾ" ಎಂದು ಕೈ ಚಾಚುತ್ತಿತ್ತು.

ಇರಣ್ಣ ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಗಿತ್ತು. ಮುಂದಿನ ಸಾಲಿನಲ್ಲಿ ವೇಣಿ ಕೂತಿದ್ದಳು, ಅವಳೂ ಅವಳ ಗೆಳತಿ ಸಾಕಮ್ಮನೂ.

ಸಾಹೇಬರು ಕುರ್ಚಿಯಲ್ಲಿ ಕೂತು, ಪಕ್ಕದ ಕುರ್ಚಿಯಲ್ಲಿ ಅನುಸೂಯಮ್ಮನನ್ನೂ ಕೂರಿಸಿದರು. ಹಿಂದಿನ ಸಾಲಿನ ಒಬ್ಬಳನ್ನು ಎಬ್ಬಿಸಿದರು. ಮುನಿರತ್ನ. ಎರಡು ವರ್ಷದ ಹಿಂದೆ ಇದೇ ಊರಿನೊಳಗೇ ಮದುವೆಯಾದವಳು. ಬಡ್ಡಿ ಲೆಕ್ಕವೊಂದನ್ನು ಕೇಳಿದರು. ಬಾಯಿ ಮುಚ್ಚುವುದರೊಳಗೆ ಉತ್ತರ ಬಂತು. ಇನ್ನೊಂದು ಕೇಳಿದರು, ಅದೂ ಬಂತು. ಇರಣ್ಣ ಉಸಿರು ಬಿಟ್ಟರು. ಅಷ್ಟರಲ್ಲಿ ಸಾಹೇಬರ ಕಣ್ಣು ಅವಳ ಕಾಲಿನ ಮೇಲೆ ಬಿತ್ತು. ಅವಸರದಲ್ಲಿ ತಂಗಿಯ ದಾವಣಿ ಸುತ್ತಿಕೊಂಡವಳು ಕಾಲುಂಗುರ ತೆಗೆಯುವುದನ್ನು ಮರೆತಿದ್ದಳು.

"ಏಳನೇ ಕ್ಲಾಸು ಅಲ್ವೇನಮ್ಮ ನೀನು?"

"ಊ ಸಾರ್."

"ಯಾವ ವರ್ಷ?"

ಮುನಿರತ್ನ ಅನುಸೂಯಮ್ಮನ ಕಡೆ ನೋಡಿದಳು. ಅನುಸೂಯಮ್ಮ ನೆಲ ನೋಡಿದಳು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಮುನಿರತ್ನಳಿಗೆ ಅನ್ನಿಸಿರಬೇಕು. "ಎಂಬತ್ತೊಂಬತ್ತರಾಗೆ ಪಾಸಾದೆ ಸಾರ್. ಫಸ್ಟ್ ಕ್ಲಾಸು," ಎಂದಳು, ಕೊನೆಯ ಮಾತನ್ನು ಸ್ವಲ್ಪ ಜೋರಾಗಿಯೇ.

ಕಿಟಕಿಯಾಚೆ ಯಾವನೋ ಕಿಸಕ್ಕೆಂದ. ಮುಗಿಯಿತು ಎಂದುಕೊಂಡಳು ಅನುಸೂಯಮ್ಮ. ಹೈಸ್ಕೂಲೂ ಹೋಯಿತು, ಮಾನವೂ ಹೋಯಿತು. ಇಡೀ ತಾಲ್ಲೂಕಿನಲ್ಲಿ ಕಾಳನಕುಂಟೆಯವರು ಬಾಣಂತಿಯರನ್ನು ಬೆಂಚಿನ ಮೇಲೆ ಕೂರಿಸಿದರಂತೆ ಎಂದು ಆಡಿಕೊಳ್ಳುತ್ತಾರೆ. ಬಿದರಕಟ್ಟೆಯವರಂತೂ ಹಾಡು ಕಟ್ಟಿ ಹಾಡಿಯಾರು.

ಸಾಹೇಬರು ರೇಗಲಿಲ್ಲ. ಕೋಣೆಯನ್ನೊಮ್ಮೆ ಸುತ್ತ ನೋಡಿ, "ಏಳನೇ ಕ್ಲಾಸು ಪಾಸಾಗಿರೋರೆಲ್ಲ ಎದ್ದು ನಿಂತ್ಕೊಳ್ಳಿ," ಎಂದರು.

ಹಿಂದಿನ ಸಾಲಿನಿಂದ ಒಬ್ಬೊಬ್ಬರಾಗಿ ಎದ್ದರು. "ಆಚೆ ನಿಂತಿರೋರೂ ಲೆಕ್ಕಕ್ಕುಂಟಾ ಸಾರ್?" ಎಂದು ಬಾಗಿಲಲ್ಲಿದ್ದ ಹೆಂಗಸೊಬ್ಬಳು ಕೇಳಿದಳು. ಹೌದೆಂದರು. ಪಾಸಾಗದವರು ಹಿಂದೆ ಸರಿದು, ಪಾಸಾದವರು ಮುಂದೆ ಬಂದು ನಿಂತರು. ಕಿಟಕಿಯ ಹುಡುಗರೂ ನೆಟ್ಟಗೆ ನಿಂತರು. ಕೊನೆಗೆ ಅನುಸೂಯಮ್ಮನೂ ಕುರ್ಚಿಯಿಂದ ಎದ್ದಳು. ಎದ್ದಾಗ ಅವಳ ಕಣ್ಣಿಗೆ ಮೇಲಿನ ಬಾಗಿಲಲ್ಲಿ ಖಾಕಿ ಬಟ್ಟೆಯಲ್ಲಿ ನಿಂತಿದ್ದ ಗಂಡ ಕಂಡ. ಹೊಸ್ತಿಲಲ್ಲೇ ನಿಂತುಬಿಟ್ಟಿದ್ದ, ಓಡಿಬಂದವನಂತೆ ಬೆವೆತಿದ್ದ. "ಗುಂಡಿ ಒತ್ತಕ್ಕೆ ಬಿಡ್ಲಿಲ್ಲ ಕಣೆ ಫ್ಯಾಕ್ಟರಿಯೋರು, ಗೇಟ್ ಒಳಗೇ ಕೂಡಾಕಿದ್ರು," ಎಂದು ಅಲ್ಲಿಂದಲೇ ಬಾಯಿ ಸನ್ನೆ ಮಾಡಿದ. ಅವಳು ಹುಬ್ಬು ಗಂಟಿಕ್ಕಿ ಸುಮ್ಮನಿರು ಎಂದಳು. ಆದರೂ ಅವನು ಬೇಕಂತ ಮಾಡಲಿಲ್ಲ ಎಂದು ಅಷ್ಟು ಸಮಾಧಾನವಾಯಿತು.

"ಸರಿ," ಎಂದರು ಚನ್ನವೀರಪ್ಪ. "ಈಗ, ಎಂಟನೇ ಕ್ಲಾಸಿಗೆ ಹೋಗದೇ ಇದ್ದೋರು ಕೂತ್ಕೊಳ್ಳಿ."

ಹಿಂದಿನ ಸಾಲುಗಳು ಪೂರ್ತಿ ಕೂತವು. ಬಾಗಿಲಲ್ಲಿದ್ದ ಹೆಂಗಸರು ಕೂರಲು ಜಾಗವಿಲ್ಲದೆ ಹೊಸ್ತಿಲ ಮೇಲೆ, ಅಂಗಳದ ಮಣ್ಣಿನಲ್ಲಿ ಕುಕ್ಕರಿಸಿದರು. ಅನುಸೂಯಮ್ಮನೂ ಕುರ್ಚಿಯಲ್ಲಿ ಕೂತಳು. ಎದ್ದವರಲ್ಲಿ ಇನ್ನೂ ನಿಂತಿದ್ದವರು ಕಿಟಕಿಯಾಚೆಯ ಹುಡುಗರು ಮಾತ್ರ. ಸುತ್ತ ಅಕ್ಕತಂಗಿಯರೆಲ್ಲ ನೆಲದ ಮೇಲೆ, ತಾವಷ್ಟೇ ನಿಂತಿದ್ದೇವೆಂಬುದು ಅವರಿಗೂ ಗೊತ್ತಾಗಿ, ಎಲ್ಲಿ ನೋಡಬೇಕೆಂದು ತಿಳಿಯದೆ ಒಬ್ಬೊಬ್ಬರೇ ಪಕ್ಕಕ್ಕೆ ಸರಿದರು.

ಇಷ್ಟು ವರ್ಷ ಅನುಸೂಯಮ್ಮನಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಒಂದೇ ಕೋಣೆಯಲ್ಲಿ, ಒಂದೇ ಸಲ, ಹೀಗೆ ನೋಡಿರಲಿಲ್ಲ. ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ.

ಸಾಹೇಬರು ಮುಂದಿನ ಸಾಲಿಗೆ ತಿರುಗಿದರು. "ನಿನ್ನ ಹೆಸರೇನಮ್ಮ? ವೇಣಿ. ಈ ವರ್ಷ ಪಾಸಾಗ್ತೀಯಲ್ಲ?"

"ಇಲ್ಲ ಸಾರ್," ಎಂದಳು ವೇಣಿ.

"ಅಯ್ಯೋ ಸಾರ್, ಕ್ಲಾಸಿಗೇ ಫಸ್ಟ್ ಅವಳು!" ಎಂದು ಹೇಮಲತಾ ಮುಂದೆ ಬಂದಳು. "ಏನೇ ವೇಣಿ, ಏನೇನೋ ಹೇಳ್ತೀಯಾ?"

"ಫೇಲಾಗ್ತೀನಿ ಮಿಸ್. ಲೆಕ್ಕದ ಪೇಪರಲ್ಲಿ ಏನೂ ಬರಿಯಲ್ಲ. ನಾನು, ಸಾಕಮ್ಮ, ಇಬ್ರೂ ಮಾತಾಡ್ಕೊಂಡಿದೀವಿ." ವೇಣಿಯ ದನಿಯಲ್ಲಿ ಅಳುವಿರಲಿಲ್ಲ, ತುಂಬ ದಿನ ಯೋಚಿಸಿ ಇಟ್ಟುಕೊಂಡ ಮಾತಿನಂತೆ ಹೇಳಿದಳು. "ಪಾಸಾದ್ರೆ ಮನೇಲಿ ಕೂರ್ಸ್ತಾರೆ ಸಾರ್. ಫೇಲಾದ್ರೆ ಇನ್ನೊಂದ್ ವರ್ಷ ಸ್ಕೂಲಿಗೆ ಬರ್ಬೋದಲ್ಲ."

ಸಾಕಮ್ಮ ವೇಣಿಯನ್ನು ಮೊಣಕೈಯಲ್ಲಿ ತಿವಿದು, ಎಲ್ಲ ಹೇಳಿಬಿಟ್ಟೆಯಲ್ಲೇ ಎಂದು ಗೊಣಗಿದಳು.

ಅನುಸೂಯಮ್ಮ ಮಗಳನ್ನೇ ನೋಡಿದಳು. ಹತ್ತಿರದಲ್ಲೇ ಮಲಗುವ ಹುಡುಗಿ, ದಿನಾ ತಾನೇ ಜಡೆ ಹೆಣೆಯುವ ಹುಡುಗಿ, ಅವಳ ತಲೆಯೊಳಗೆ ಇಂಥದ್ದೊಂದು ಬೆಳೆದಿದೆ ಎಂದು ತನಗೆ ಗೊತ್ತಾಗಲೇ ಇಲ್ಲವಲ್ಲ. ಊರೆಲ್ಲ ತಿರುಗಿ ಹೈಸ್ಕೂಲು ಹೈಸ್ಕೂಲು ಎಂದು ಬಾಯಿ ಬಡಿದುಕೊಂಡೆ, ಬಂದರೆ ಸರಿ, ಬಾರದಿದ್ದರೆ ಇವಳ ಗತಿ ಏನೆಂದು ಯೋಚಿಸದೆ ಅವ್ವನಿಗೆ 'ನೋಡಾನ' ಎಂದುಬಿಟ್ಟೆನಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು. ಸಾಹೇಬರಿದ್ದಾರೆ ಎಂಬುದನ್ನೂ ಮರೆತು ಅಷ್ಟಗಲ ಬಾಯಿ ತೆರೆದಳು.

"ಫೇಲಾಗ್ತೀಯಾ? ಕಾಲ್ ಮುರಿತೀನಿ! ಒಬ್ಳೂ ಫೇಲಾಗ್ಕೂಡ್ದು. ಪಾಸಾಗೇ ನೀನು, ಮಿಕ್ಕಿದ್ದು ನಾನು ನೋಡ್ಕೊಂತೀನಿ. ಕೇಳಿಸ್ತಾ?"

ವೇಣಿ ತಾಯಿಯ ಮುಖ ನೋಡಿದಳು, ಆಮೇಲೆ ಬಾಗಿಲಲ್ಲಿದ್ದ ಅಪ್ಪನ ಮುಖ ನೋಡಿದಳು. ನಂಬಬೇಕೋ ಬೇಡವೋ ಎಂದು ಅವಳಿಗೆ ತಿಳಿಯಲಿಲ್ಲ. ಸುಮ್ಮನೆ ತಲೆಯಾಡಿಸಿದಳು.

ಚನ್ನವೀರಪ್ಪನವರು ಇರಣ್ಣ ತರಿಸಿದ್ದ ಕಾಫಿಯನ್ನು ಎರಡು ಗುಟುಕು ಕುಡಿದು ಹೊರಟರು. ಜೀಪಿನವರೆಗೆ ಅನುಸೂಯಮ್ಮ ಒಬ್ಬಳೇ ಹೋದಳು.

"ತಪ್ಪಾಯ್ತು ಸಾರ್. ದೊಡ್ಡುಡ್ಗೀರ್ನ ಕೂರ್ಸು ಅಂತ ಏಳಿದ್ದು ನಾನೇ. ಮೇಷ್ಟ್ರದೇನೂ ತಪ್ಪಿಲ್ಲ, ಮಿಸ್ಸುದೂ ಇಲ್ಲ."

"ಗೊತ್ತಾಯ್ತಮ್ಮ," ಎಂದರು. ಜೀಪಿನ ಸರಳು ಹಿಡಿದು ಅವಳ ಕಡೆ ತಿರುಗಿದರು. "ಬಿದರಕಟ್ಟೇಲೂ ಹೆಣ್ಣುಮಕ್ಕಳು ಏಳಕ್ಕೇ ಬಿಡ್ತಾರಾ?"

ಇಲ್ಲ ಸಾರ್, ಅಲ್ಲೆಲ್ಲ ಓದ್ತಾರೆ ಎಂಬ ಸುಳ್ಳು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅದು ಹೊರಗೆ ಬರಲಿಲ್ಲ. "ಬಿಡ್ತಾರೆ ಸಾರ್. ಅವ್ರ್ದೂ ಇದೇ ಪಾಡು," ಎಂದಳು. ಬಿದರಕಟ್ಟೆಯ ಬಗ್ಗೆ ಒಂದು ಮರುಕದ ಮಾತನ್ನೂ ಆಡದವಳ ಬಾಯಲ್ಲಿ ಅಷ್ಟು ಬಂದದ್ದೇ ಹೆಚ್ಚು.

"ಎರಡು ಊರು, ಒಂದು ಹೈಸ್ಕೂಲು. ಬರೆಯೋದನ್ನ ಬರೀತೀನಿ. ಆರ್ಡರ್ ಬರೋ ತನಕ ನಾನು ಏನೂ ಹೇಳೋ ಹಾಗಿಲ್ಲ." ಸಾಹೇಬರು ಹತ್ತಿ ಕೂತರು. "ಮಗೂಗೆ ಲೆಕ್ಕದ ಪೇಪರ್ ಬರೆಯೋಕೆ ಹೇಳಿ."

ಜೀಪು ಬಿದರಕಟ್ಟೆಯ ಕಡೆ ಹೋಯಿತು. ಮಂಜು ಕರಗಿ ಬಿಸಿಲು ಬಂದಿತ್ತು. ನಲ್ಲಪ್ಪ ಬಂದು ಹೆಂಡತಿಯ ಪಕ್ಕ ನಿಂತ, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ.

"ಫೇಲಾಗ್ತೀನಿ ಅಂದ್ಳಲ್ಲೇ," ಎಂದ. "ಯಾವಾಗ್ಲೂ ಫಸ್ಟ್ ಬರೋಳು."

"ಊ."

"ಐಸ್ಕೂಲು ಬಿದರಕಟ್ಟೆಗೋದ್ರೆ?"

"ಬಿದರಕಟ್ಟೆಗೇ ಓಗ್ತಾಳೆ. ಅಲ್ಲೂ ಬರ್ಲಿಲ್ವಾ, ಆನೇಕಲ್ಗೋಗ್ತಾಳೆ. ಸಾಕಮ್ಮನೂ ಓಗ್ಲಿ, ಇನ್ನಾರಾದ್ರೂ ಬಂದ್ರೆ ಬರ್ಲಿ. ಬಸ್ಸು ನೀನತ್ತುಸ್ತೀಯೋ, ನಾನತ್ತುಸ್ಲೋ, ಅದೊಂದೇಳು."

ನಲ್ಲಪ್ಪ ಟೋಪಿಯನ್ನು ತಲೆಗೆ ಹಾಕಿಕೊಂಡ. ಒಳಗಿನಿಂದ ಮಕ್ಕಳ ಗಲಾಟೆ, ಇರಣ್ಣ ಮೇಷ್ಟ್ರ ಕೂಗು ಕೇಳುತ್ತಿತ್ತು.

"ಬಾಲಾಜಿಗೆ ಏನೇಳಾನೆ?" ಎಂದ. "ಯುಗಾದಿಗೆ ಬತ್ತಾರೆ ನಿಮ್ಮವ್ವ, ಅವ್ನು, ಮಾತುಕತೆ ಮುಗ್ಸಾನ ಅಂತ. ಏನಂತ ಏಳ್ಲಿ ನಾನು?"

"ನೀನೇನೂ ಏಳ್ಬೇಡ. ನಮ್ಮವ್ವ, ನನ್ ತಮ್ಮ. ನಾನೇ ಏಳ್ತೀನಿ," ಎಂದಳು ಅನುಸೂಯಮ್ಮ. "ನಮ್ಮುಡ್ಗಿ ಪಾಸಾಗ್ತಾಳೆ ಅಂತ ಏಳ್ತೀನಿ."